ಸ್ಪ್ಯಾನರಕ್ಕನ ಬಡ್ತಿ

ಆ ಬಾಹ್ಯಾಕಾಶ ಧಾರಾವಾಹಿಯಲ್ಲಿ ಸಣ್ಣ ಪಾತ್ರದವರು ಸಾಯುತ್ತಿರಲಿಲ್ಲ. ಸತ್ತರೆ ನೋಡುವವರು ಅಳುತ್ತಾರೆ, ಆಮೇಲೆ ಬೈಯುತ್ತಾರೆ. ಅದಕ್ಕೇ ಅವರಿಗೆ ಬಡ್ತಿ ಕೊಟ್ಟು ಬೇರೆ ನೌಕೆಗೆ ಸಾಗಹಾಕುವುದು ಅಲ್ಲಿನ ರೂಢಿ. ಆ ಬೇರೆ ನೌಕೆಯನ್ನು ಮಾತ್ರ ಯಾರೂ ಕಂಡವರಿಲ್ಲ. ಸೆಟ್ಟಿನಲ್ಲಿ ಬಡ್ತಿ ಎಂದರೆ ಗಂಟುಮೂಟೆ ಕಟ್ಟು ಎಂದೇ ಅರ್ಥ.

ಒಂಬತ್ತು ವರ್ಷದಿಂದ ನೌಕೆಯ ಮೆಕ್ಯಾನಿಕ್ ಪಾತ್ರ ಮಾಡುತ್ತಿದ್ದವಳನ್ನು ಎಲ್ಲರೂ ಸ್ಪ್ಯಾನರಕ್ಕ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕಥೆ ಬರೆಯುವಾಕೆ ಮೇಕಪ್ ಕೋಣೆಗೆ ಬಂದು ಪಕ್ಕದಲ್ಲಿ ಕುಳಿತಳು.

"ಅಕ್ಕಾ, ಮುಚ್ಚಿಟ್ಟು ಏನು ಪ್ರಯೋಜನ? ನಿಮ್ಮನ್ನ ಕ್ಯಾಪ್ಟನ್ ಮಾಡಿ ಕಳಿಸಿ ಅಂತ ಮೇಲಿನವರು ಹೇಳಿದ್ದಾರೆ. ಆ ಮೆಕ್ಯಾನಿಕ್ಕೇ ಒಲ್ಲೆ ಅಂದ್ಲು ಅಂತ ಬರೆದ್ರೆ ಅವರನ್ನ ಹೇಗೋ ಒಪ್ಪಿಸ್ತೀನಿ. ನೀವೇ ಹೇಳಿ, ಹೋಗ್ತಾಳೋ, ಇರ್ತಾಳೋ?"

ಮನೆಯಲ್ಲಿ ಗಂಡ ಕೇಳಿದವನೇ, "ಇದರಲ್ಲಿ ಯೋಚನೆ ಮಾಡೋದೇನಿದೆ? ಇರ್ತಾಳೆ ಅನ್ನು. ಈ ವಯಸ್ಸಲ್ಲಿ ನಿನ್ನ ಕರೆದು ಕೆಲಸ ಕೊಡೋರು ಯಾರು?" ಎಂದ. ಅವನ ಮಾತು ಸುಳ್ಳಲ್ಲ. ಕೂದಲು ನರೆತ ನಟಿಗೆ ಸಿಗುವುದು ಹಾಸಿಗೆ ಹಿಡಿದ ಅತ್ತೆಯ ಪಾತ್ರ, ಅದೂ ಬರೀ ಕೆಮ್ಮುವುದಕ್ಕೆ.

ಆದರೆ ಕಥೆಯಲ್ಲಿ ಆ ಮೆಕ್ಯಾನಿಕ್, ಕ್ಯಾಪ್ಟನ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದವಳು. ಎರಡನೆಯ ಸಲ ಸ್ಕ್ರಿಪ್ಟಿನಲ್ಲಿ 'ತಲೆ ತಗ್ಗಿಸುತ್ತಾಳೆ' ಎಂದಷ್ಟೇ ಇತ್ತು. ಇವಳು ಖಾಲಿ ಬಿದ್ದಿದ್ದ ಕ್ಯಾಪ್ಟನ್ ಕುರ್ಚಿಯ ತಿರುಪು ಬಿಗಿ ಮಾಡಿ, ಒಂದು ಗಳಿಗೆ ಅದರಲ್ಲಿ ಕುಳಿತು ಎದ್ದಿದ್ದಳು. ಆ ಪಾತ್ರಕ್ಕೆ ಕ್ಯಾಪ್ಟನ್ ಆಗುವ ಆಸೆ ಹಚ್ಚಿದವಳು ತಾನೇ. ಈಗ ತನ್ನ ಹೊಟ್ಟೆಪಾಡಿಗೆ ಅವಳ ಬಾಯಲ್ಲಿ ಬೇಡ ಅನ್ನಿಸುವುದೇ? ಇಲ್ಲದ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚೂ ಆಯಿತು, ಮಗಳ ಮೇಲಿನಂಥ ಅಕ್ಕರೆಯೂ ಬಂತು.

"ಹೋಗ್ತಾಳೆ," ಎಂದಳು ಮರುದಿನ. "ಒಲ್ಲೆ ಅಂದ್ರೆ ಅದು ಅವಳಲ್ಲ, ನಾನು."

ನೌಕೆಯ ತಾನಾಗಿ ತೆರೆಯುವ ಬಾಗಿಲು ನಿಜದಲ್ಲಿ ಪ್ಲೈವುಡ್ಡಿನದು. ಹಿಂದೆ ನಿಂತ ಬಡಗಿ ಹಗ್ಗ ಎಳೆಯಬೇಕು. ಆ ಪುಣ್ಯಾತ್ಮ ಒಂದು ದಿನವೂ ಹೊತ್ತಿಗೆ ಸರಿಯಾಗಿ ಎಳೆದವನಲ್ಲ. ಹಾಗಾಗಿ ಬಾಗಿಲ ಮುಂದೆ ಏನೋ ಯೋಚಿಸುವವಳಂತೆ ನಿಲ್ಲುವುದು ಅವಳಿಗೆ ಅಭ್ಯಾಸವಾಗಿತ್ತು. ನೋಡುವವರು ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು. ಕೊನೆಯ ದೃಶ್ಯದಲ್ಲಿ ಹಾಗೆ ನಿಂತಾಗ ಒಮ್ಮೆ ತಿರುಗಿ ಎಲ್ಲವನ್ನೂ ಕಣ್ತುಂಬ ನೋಡಿಕೊಳ್ಳಬೇಕೆಂದು ಅವಳು ಬೆಳಗಿನಿಂದ ಅಂದುಕೊಂಡಿದ್ದಳು.

ಕ್ಯಾಪ್ಟನ್ ಸಮವಸ್ತ್ರ ತೊಟ್ಟು ಹೆಜ್ಜೆ ಹಾಕಿದಳು. ಇವತ್ತಾದರೂ ಅಕ್ಕನನ್ನು ಕಾಯಿಸಬಾರದೆಂದು ಬಡಗಿ ಆಗಲೇ ಹಗ್ಗ ಹಿಡಿದು ಸಿದ್ಧನಾಗಿದ್ದ. ಅವಳು ಹತ್ತಿರ ಬರುತ್ತಲೇ ಬಾಗಿಲು ಸರಕ್ಕನೆ ತೆರೆದುಕೊಂಡಿತು.

ನಿಲ್ಲುವುದಕ್ಕೆ ನೆಪವೇ ಇರಲಿಲ್ಲ. ತಿರುಗಿ ನೋಡದೆ ನಡೆದುಬಿಟ್ಟಳು.