ಓಣಿಯಷ್ಟು ದೂರ

ತಟ್ಟಿದ ಹಿಟ್ಟಿನ ಮೇಲೆ ಮನೆಯ ಗುರುತಿಗೆಂದು ರಕಿಯಾ ಮೂರು ಬೆರಳು ಒತ್ತುತ್ತಿದ್ದಾಗ ಪಕ್ಕದ ಮನೆಯ ಹನಿಯಾ ಒಳಗೆ ಬಂದಳು. ದಿನವೂ ಹಿಟ್ಟಿನ ಹಲಗೆಯನ್ನು, ಓಣಿಯವರೆಲ್ಲರ ರೊಟ್ಟಿ ಸುಡುವ ಎದುರಿನ ಭಟ್ಟಿಗೆ ಹೊತ್ತೊಯ್ಯುವವಳು ಇವತ್ತು ಕೈ ಚಾಚಲಿಲ್ಲ.

"ಇವತ್ತು ರೊಟ್ಟಿ ಬೇಡ ಬಿಡಕ್ಕಾ. ಭಟ್ಟಿ ಹಚ್ಚೋರಿಲ್ಲ."

"ಯಾಕೆ, ಆ ಕೆಮ್ಮಪ್ಪನಿಗೆ ಮತ್ತೆ ಜ್ವರಾನಾ?"

"ಬುಶ್ತಾ ಹೋಗ್ಬಿಟ್ಟ ಅಕ್ಕಾ. ಬೆಳಗಿನ ಜಾವ. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು."

ರಕಿಯಾಳ ಬೆರಳುಗಳು ಹಿಟ್ಟಿನಲ್ಲೇ ಉಳಿದವು.

*

ಸೆಫ್ರೂ ಪಟ್ಟಣದ ಇದೇ ಓಣಿಯಲ್ಲಿ, ಹರೆಯದಲ್ಲಿ, ರಕಿಯಾ ಮತ್ತು ಬುಶ್ತಾರ ಮದುವೆ ನಿಶ್ಚಯವಾಗಿತ್ತು. ಎರಡೇ ವರ್ಷದಲ್ಲಿ ಬರುತ್ತೇನೆಂದು ಬುಶ್ತಾ ಫ್ರಾನ್ಸಿನ ಕಲ್ಲಿದ್ದಲ ಗಣಿಗೆ ಹೋದ. ರಕಿಯಾ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಹೆಣೆಯುತ್ತ, ರೇಡಿಯೋದಲ್ಲಿ ಪ್ರೇಮಕಥೆ ಕೇಳುತ್ತ ಕಾದಳು. ಆ ಕಥೆಗಳಿಗೇನು, ಇಪ್ಪತ್ತು ವರ್ಷವನ್ನು ಒಂದೇ ಮಾತಿನಲ್ಲಿ ದಾಟಿಸಿ ನಾಯಕನನ್ನು ಬಾಗಿಲಿಗೆ ತಂದು ನಿಲ್ಲಿಸುತ್ತವೆ! ಕಾಯುವವಳ ಸೊಂಟನೋವು, ಅತ್ತಿಗೆಯರ ಚುಚ್ಚುಮಾತು ಅದರಲ್ಲಿ ಬರುವುದಿಲ್ಲ.

ಬುಶ್ತಾ ಬಂದದ್ದೂ ಇಪ್ಪತ್ತು ವರ್ಷಕ್ಕೇ, ಎದೆ ತುಂಬ ಗಣಿಯ ಧೂಳು ತುಂಬಿಕೊಂಡು. ಕೊನೆಯ ಹತ್ತು ವರ್ಷ ಒಂದು ಸುದ್ದಿಯೂ ಕಳಿಸಿರಲಿಲ್ಲ. ರಕಿಯಾ ಕದ ಹಾಕಿಕೊಂಡಳು. ಅವನು ಅವಳ ಮನೆಯೆದುರು ಹಾಳುಬಿದ್ದಿದ್ದ ಭಟ್ಟಿ ಹಿಡಿದ.

ಒಮ್ಮೆ ಹನಿಯಾಳ ಕೈಲಿ ಹೇಳಿ ಕಳಿಸಿದ: "ಎದೆ ಕೆಟ್ಟ ಮೇಲೆ ಯಾವ ಮುಖ ಇಟ್ಕೊಂಡು ಸುದ್ದಿ ಕಳಿಸ್ಲಿ? ಒಂದಿನ ಹಿಟ್ಟು ಅವಳೇ ತರಲಿ."

"ಬೇಕಾದ್ರೆ ಅವನೇ ಬಂದು ಕರೀಲಿ," ಅಂದಳು ಇವಳು. "ನಾನೇನು ಅವನ ಹಿಂದೆ ಬಿದ್ದಿದ್ದೀನಾ?"

ಇಬ್ಬರದೂ ಮಹಾ ಹಟ. ಸಮುದ್ರ ದಾಟಿ ಬಂದವನಿಗೆ ಓಣಿ ದಾಟಲಾಗಲಿಲ್ಲ. ಇವಳು ದಿನವೂ ಹಿಟ್ಟು ಕಳಿಸಿದಳು, ಅವನು ದಿನವೂ ಸುಟ್ಟು ಕೊಟ್ಟ. ಹಾಗೇ ಮುದುಕರಾದರು.

*

ಮಧ್ಯಾಹ್ನ ಹೆಂಗಸರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು.

"ನಮ್ಮ ರೊಟ್ಟಿ ಎಷ್ಟು ಸಲ ಕರಕಲಾಗಿತ್ತು! ರಕಿಯಾಳದ್ದು ಮಾತ್ರ ಒಂದಿನಾನೂ ಸೀಯ್ಲಿಲ್ಲ ನೋಡು."

"ಪಾಪ, ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನಿಗೋಸ್ಕರ ಬಿಳಿ ಉಡೋಳೂ ಇಲ್ಲ."

ಗಂಡ ಸತ್ತವಳು ಬಿಳಿ ಉಡುವ ಊರದು. ಆಗ ರಕಿಯಾಳ ಕದ ತೆರೆಯಿತು. ಅಡಿಯಿಂದ ಮುಡಿವರೆಗೆ ಬಿಳಿ ಉಟ್ಟಿದ್ದಳು. ಕೈಯಲ್ಲಿ ಹಲಗೆ, ಅದರ ಮೇಲೆ ಮತ್ತೆ ನಾದಿ ಹೊಸದಾಗಿ ಬೆರಳೊತ್ತಿದ ಹಿಟ್ಟು.

"ನಿಕಾಹೇ ಆಗದೋಳಿಗೆ ಬಿಳಿ ಯಾಕಂತೆ?" ಯಾರೋ ಕುಟುಕಿದರು.

"ಬಾಯಿ ಮುಚ್ಚೇ," ಎಂದು ಗದರಿ ಹನಿಯಾ ಹತ್ತಿರ ಹೋದಳು. "ಭಟ್ಟಿ ಆರಿದೆ ಅಕ್ಕಾ."

"ಗೊತ್ತು ಕಣೇ. ನಾನೇ ತರಲಿ ಅಂದಿದ್ದನಲ್ಲ."

ರಕಿಯಾ ಓಣಿ ದಾಟಿ, ತಣ್ಣಗಿದ್ದ ಭಟ್ಟಿಯ ಕಟ್ಟೆಯ ಮೇಲೆ ಹಲಗೆ ಇಳಿಸಿದಳು. ಎಷ್ಟು ಹತ್ತಿರವಿತ್ತು ಎನಿಸಿ ಅಳು ಒತ್ತರಿಸಿ ಬಂತು. ಗಂಡಸರು ಅವನ ಹೆಣವಿದ್ದ ಜನಾಜ ಎತ್ತಿದರು. ಅವಳ ಮುಂದೆಯೇ ಹಾದು ಅದು ತಿರುವಿನಲ್ಲಿ ಮರೆಯಾಯಿತು.

ಅವಳು ಕಟ್ಟೆಯ ಮೇಲೆಯೇ ಕೂತಳು. ಬಿಸಿಲಿಗೆ ಹಿಟ್ಟು ಉಬ್ಬುತ್ತ ಬಂತು. ಮೂರು ಬೆರಳಿನ ಗುರುತು ಮೆಲ್ಲಗೆ ತುಂಬಿಕೊಂಡು ಮಾಸುತ್ತಿತ್ತು.