ಯೆಹೆಜ್ಕೇಲನಿಂದ ಮುಂದಕ್ಕೆ

ಸುನ್ಯೆ ಮಾತು ಕೊಟ್ಟು ಮೂವತ್ತೆರಡು ವರ್ಷವಾಗಿತ್ತು. ಮೊದಲ ಮೊಮ್ಮಗ ಹುಟ್ಟಿದ ವಾರ, ಗುನ್ಸಾನ್ ಬಂದರಿನ ಹಿಂದಿನ ಗುಡ್ಡದ ಚರ್ಚಿನಲ್ಲಿ, ಭಾನುವಾರದ ಆರಾಧನೆ ಮುಗಿದು ಎಲ್ಲರೂ ಸಾರಿನ ಬಟ್ಟಲು ಹಿಡಿದು ಊಟಕ್ಕೆ ಕೂತಿದ್ದಾಗ ಆಕೆ ಎದ್ದು ನಿಂತಿದ್ದಳು.

"ನನ್ನ ಮೊಮ್ಮಕ್ಕಳು ಎಷ್ಟು ಜನ ಆದ್ರೂ ಸರಿ, ಒಬ್ಬೊಬ್ಬರ ಮದುವೆಗೂ ಇಡೀ ಬೈಬಲ್ ನನ್ನ ಕೈಯಾರೆ ಬರೆದು ಕೊಡ್ತೀನಿ. ಒಂದಕ್ಷರಾನೂ ಬೇರೆಯವರ ಕೈಲಿ ಬರೆಸಲ್ಲ."

ಊಟ ಬಿಟ್ಟು ಎಲ್ಲರೂ ಆಮೆನ್ ಎಂದಿದ್ದರು. ಆ ಚರ್ಚಿನಲ್ಲಿ ಬೈಬಲನ್ನು ಕೈಯಲ್ಲಿ ನಕಲು ಮಾಡುವ ಹೆಂಗಸರು ಇನ್ನೂ ಇದ್ದರು, ಆದರೆ ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದವರು ಇರಲಿಲ್ಲ. ಸುನ್ಯೆ ಎರಡು ಮುಗಿಸಿದಳು. ಮಗನ ಮಕ್ಕಳಿಬ್ಬರಿಗೂ ಮದುವೆಯ ಹಿಂದಿನ ದಿನ ಚರ್ಮದ ರಟ್ಟು ಹಾಕಿಸಿದ ಮೂರು ಮೂರು ಸಂಪುಟ ಕೊಟ್ಟಳು. ಉಳಿದವಳು ಮಗಳ ಮಗಳು ಸೊರಾ. ಅವಳ ಮದುವೆ ಈ ಶನಿವಾರ.

ಕಳೆದ ಶರತ್ಕಾಲದಲ್ಲಿ, ತಾರಸಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಸುನ್ಯೆ ಅಲ್ಲೇ ಕುಸಿದಿದ್ದಳು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಬೈಬಲಿನ ಪ್ರಲಾಪಗಳು ಎಂಬ ಪುಸ್ತಕದ ಕೊನೆಯ ಸಾಲು ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿ ಮೇಲೆ ಹೋಗಿದ್ದಳಂತೆ.

ಆಸ್ಪತ್ರೆಗೆ ಅಮ್ಮನ ಬಟ್ಟೆ ಒಯ್ಯಲು ಬಂದ ಮಗಳು ಗುಮ್ಹಿ ಮೇಜಿನ ಮೇಲಿದ್ದ ಆ ಹಾಳೆಯನ್ನು ನೋಡಿದಳು. ಅಮ್ಮ ಮುಂದಿನ ಪುಟದ ನೆತ್ತಿಯಲ್ಲಿ ಯೆಹೆಜ್ಕೇಲ ಎಂದು ಮುಂದಿನ ಪುಸ್ತಕದ ತಲೆಬರಹವನ್ನೂ ಬರೆದಿಟ್ಟಿದ್ದಳು. ಗುಮ್ಹಿ ನಿಂತುಕೊಂಡೇ ಒಂದು ವಾಕ್ಯ ಬರೆದಳು. ಯಾಕೆ ಬರೆದಳೋ ಅವಳಿಗೇ ಗೊತ್ತಿಲ್ಲ. ತೆರೆದ ಬಾಗಿಲು ಕಂಡರೆ ಮುಚ್ಚಿ ಹೋಗುತ್ತೇವಲ್ಲ, ಹಾಗೆ. ಮಾರನೆಯ ದಿನ ಬಂದು ಒಂದು ಪುಟ ಬರೆದಳು. ಅದಾದ ಮೇಲೆ ದಿನವೂ ಬಂದಳು.

ನಗುವವರು ನಗಬಹುದಿತ್ತು. ಗುಮ್ಹಿ ಚರ್ಚಿನ ಮೆಟ್ಟಿಲು ಹತ್ತಿ ಒಂಬತ್ತು ವರ್ಷವಾಗಿತ್ತು. ಗಂಡನ ಲಿವರ್ ಕೆಟ್ಟಾಗ ಅಮ್ಮನ ಜೊತೆ ನಲವತ್ತು ದಿನ ಮುಂಜಾನೆ ಪ್ರಾರ್ಥನೆಗೆ ಹರಕೆ ಹೊತ್ತಿದ್ದಳು. ಮೂವತ್ತೊಂಬತ್ತನೆಯ ದಿನ ಅವನು ಹೋದ. ನಲವತ್ತನೆಯ ದಿನ ಅಮ್ಮ ಒಬ್ಬಳೇ ಹೋಗಿ ಹರಕೆ ಪೂರೈಸಿ ಬಂದಳು. ಅದನ್ನು ಗುಮ್ಹಿ ಇವತ್ತಿಗೂ ಮರೆತಿಲ್ಲ.

ಅವಳದು ಶಾಲೆಯ ಅಡುಗೆಮನೆಯ ಕೆಲಸ. ಆರುನೂರು ಮಕ್ಕಳ ಅನ್ನ, ಸಾರು, ಹುರಿದ ಮೀನು. ಮೂರೂವರೆಗೆ ಬಿಡುವಾದರೆ ನಾಲ್ಕಕ್ಕೆ ಅಮ್ಮನ ಖಾಲಿ ಮನೆಯ ಮೇಜಿನ ಮುಂದೆ ಹಾಜರು. ಅಮ್ಮ ಬರೆಯುವ ಮುಂಚೆ ಕೈ ತೊಳೆದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು. ಗುಮ್ಹಿ ಕೈ ಮಾತ್ರ ತೊಳೆಯುತ್ತಿದ್ದಳು, ಅದೂ ಬೆಳ್ಳುಳ್ಳಿ ವಾಸನೆ ಹೋಗಲೆಂದು. ನಕಲಿಗೆ ಒಂದು ಕಟ್ಟುನಿಟ್ಟು ಇತ್ತು: ತಪ್ಪಿದರೆ ಹೊಡೆದು ಹಾಕುವಂತಿಲ್ಲ, ಅಳಿಸುವಂತಿಲ್ಲ, ಆ ಪುಟ ಹರಿದು ಮತ್ತೆ ಮೊದಲಿಂದ. ದಣಿದ ಕಣ್ಣು ಒಂದು ಸಾಲು ಹಾರಿ ಕೆಳಗಿನದಕ್ಕೆ ಹೋಗಿಬಿಡುತ್ತಿತ್ತು. ಪುಟದ ಕೊನೆಯಲ್ಲಿ ಗೊತ್ತಾಗುತ್ತಿತ್ತು. ಹರಿಯುತ್ತಿದ್ದಳು, ಬಯ್ಯುತ್ತಿದ್ದಳು. ಯಾರನ್ನು ಬಯ್ಯುತ್ತಿದ್ದೇನೆಂದು ಯೋಚಿಸುತ್ತಿರಲಿಲ್ಲ. ಎಡಕ್ಕೆ ವಾಲಿದ ಅಮ್ಮನ ಬರಹವನ್ನೇ ಅನುಕರಿಸಿ, ಮತ್ತಾಯನ ಸುವಾರ್ತೆಗೆ ಬರುವ ಹೊತ್ತಿಗೆ ತನ್ನ ಸ್ವಂತ ಬರಹವೇ ಮರೆತಂತಾಗಿತ್ತು.

ಆಸ್ಪತ್ರೆಯಲ್ಲಿ ಸುನ್ಯೆ ಹೊರಳದ ನಾಲಿಗೆಯಲ್ಲಿ ಪ್ರತಿ ವಾರ ಕೇಳುತ್ತಿದ್ದಳು: "ಹಾಳೆ ತಂದೆಯಾ? ಎಡಗೈಲಿ ಬರೀತೀನಿ." ಪ್ರತಿ ವಾರ ಗುಮ್ಹಿ ಅನ್ನುತ್ತಿದ್ದಳು: "ಇರಲಿ ಅಮ್ಮ, ಎಲ್ಲ ಆಗುತ್ತೆ."

ಮೇ ತಿಂಗಳಲ್ಲಿ, ಮದುವೆಯ ವಾರದ ಸೋಮವಾರ ಬರಹ ಮುಗಿಯಿತು. ರಟ್ಟು ಕಟ್ಟುವವನ ಅಂಗಡಿಗೆ ಕೊಟ್ಟು ಬಂದ ಮೇಲೆ ಗುಮ್ಹಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಂಗಳವಾರ ನಾಲ್ಕು ಗಂಟೆಗೆ ಕಾಲುಗಳು ತಾವೇ ಅಮ್ಮನ ಮನೆಗೆ ಬಂದವು. ಮೇಜು ಖಾಲಿ. ಬಂದರಿನವರೆಗೆ ನಡೆದಳು, ಹಿಂದಿರುಗಿದಳು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬುಧವಾರ ಅಡುಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿ, ಜೊತೆಯವಳಿಂದ "ಮದುವೆ ಮಗಳದ್ದೋ ನಿನ್ನದೋ?" ಎಂದು ಕೇಳಿಸಿಕೊಂಡಳು. ಒಂದೇ ಮಾತು ಒಳಗೆ ತಿರುಗುತ್ತಿತ್ತು. ಇದನ್ನು ಸೊರಾಳ ಕೈಯಲ್ಲಿಡುವಾಗ ಯಾರ ಹೆಸರು ಹೇಳುವುದು?

ಗುರುವಾರ ಮಧ್ಯಾಹ್ನ ಮೂರು ಸಂಪುಟಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಆಸ್ಪತ್ರೆಗೆ ಹೋದಳು. ಪಕ್ಕದ ಹಾಸಿಗೆಯಲ್ಲಿ ಅಮ್ಮನ ಬಾಲ್ಯದ ಗೆಳತಿ ಜೊಮ್ನೆ ಕಿತ್ತಳೆ ಸುಲಿಯುತ್ತಿದ್ದಳು. ಸೊಂಟ ಮುರಿದುಕೊಂಡು ಬಂದಿದ್ದರೂ ಬಾಯಿ ಗಟ್ಟಿಯಾಗಿಯೇ ಇತ್ತು.

"ಏನೇ ಗುಮ್ಹಿ, ಗಂಟು ಮೂಟೆ ಸಮೇತ ಬಂದಿದೀಯ? ಇಲ್ಲೇ ಸೇರ್ಕೋತೀಯಾ ಹೇಗೆ? ಹಾಸಿಗೆ ಖಾಲಿ ಇಲ್ಲಮ್ಮ, ನಮ್ಮಲ್ಲಿ ಯಾರಾದ್ರೂ ಹೋಗೋವರೆಗೂ ಕಾಯ್ಬೇಕು."

"ನೀವು ಹೋಗೋದು ಯಾವ ಕಾಲಕ್ಕೋ ಚಿಕ್ಕಮ್ಮ, ಅಷ್ಟರಲ್ಲಿ ನಾನೇ ಹೋಗಿರ್ತೀನಿ."

ಸುನ್ಯೆಯ ಮಡಿಲಲ್ಲಿ ಮೂರನೆಯ ಸಂಪುಟ ಇಟ್ಟಳು. ಸುನ್ಯೆ ಎಡಗೈಯಲ್ಲಿ ತೆರೆದಳು. ಅಕ್ಷರ ನೋಡಲಿಲ್ಲ. ಹಾಳೆ ಮಗುಚಿ, ಅದರ ಬೆನ್ನಿನ ಮೇಲೆ ಬೆರಳಾಡಿಸಿದಳು. ಜೀವಮಾನವೆಲ್ಲ ಪೆನ್ನು ಒತ್ತಿ ಬರೆದವಳು ಆಕೆ. ಹಾಳೆಯ ಹಿಂದೆ ಅಕ್ಷರ ಉಬ್ಬಿ ನಿಲ್ಲುತ್ತಿದ್ದವು. ಇಲ್ಲಿ ಹಾಳೆ ನುಣ್ಣಗಿತ್ತು.

"ನಂದಲ್ಲ."

"ಹೂಂ. ನಾನು ಬರೆದೆ."

"ಎಲ್ಲಿಂದ?"

"ಯೆಹೆಜ್ಕೇಲನಿಂದ. ಕೊನೆವರೆಗೂ."

"ಪ್ರಾರ್ಥನೆ ಮಾಡಿ ಬರೆದೆಯಾ?"

"ಇಲ್ಲ."

ಬಯ್ಯುತ್ತಾಳೆಂದು ಗುಮ್ಹಿ ಕಾದಳು. ಆದರೆ ಅಮ್ಮ ಪುಸ್ತಕದ ಕೊನೆಯ ಖಾಲಿ ಹಾಳೆಗೆ ಹೋದಳು. ಬರೆದು ಮುಗಿಸಿದವರು ಹೆಸರು, ತಾರೀಕು ಹಾಕುವ ಜಾಗ ಅದು.

"ಪೆನ್ನು ಕೊಡು. ನನ್ನ ಕೈ ಹಿಡ್ಕೋ. ನನ್ನ ಹೆಸರು ಹಾಕ್ಸು."

"ಅಮ್ಮ."

"ಇಡೀ ಚರ್ಚಿನ ಮುಂದೆ ಹೇಳಿದೀನಿ ಕಣೇ. ಎಲ್ಲರೂ ಆಮೆನ್ ಅಂದಿದಾರೆ. ಸಾಯೋ ಕಾಲಕ್ಕೆ ಸುಳ್ಳಿ ಅನ್ನಿಸ್ಕೊಳ್ಳಲಾ? ನೀನು ಬರೆದಿದ್ದು ಯಾರಿಗ್ ಗೊತ್ತು? ಹುಡುಗಿಗೆ ಅಕ್ಷರದ ಗುರುತು ಸಿಗಲ್ಲ."

"ಅವಳಿಗೆ ಸಿಗಲ್ಲ."

"ಮತ್ತೆ?"

ಜೊಮ್ನೆ ಕಿತ್ತಳೆ ತೊಳೆ ಬಾಯಿಗಿಟ್ಟುಕೊಂಡು ನಡುವೆ ಬಾಯಿ ಹಾಕಿದಳು. "ಲೇ ಸುನ್ಯೆ, ಪೌಲನೇ ತನ್ನ ಕಾಗದ ತಾನು ಬರೀಲಿಲ್ಲ. ರೋಮಾಪುರದವರಿಗೆ ಬರೆದಿದ್ದರ ಕೊನೇಲಿ ಯಾವನೋ ಬರೆಯೋನು ತನ್ನ ಹೆಸರು ತೂರಿಸಿ ನಮಸ್ಕಾರ ಹೇಳಿದಾನಲ್ಲ, ತೆರ್ತ್ಯ. ಪೌಲ ಅವನ ಕೈಗೇನಾದ್ರೂ ಹೊಡೆದನಾ?"

"ನೀನು ಸುಮ್ನಿರು. ನೀನು ಜೀವಮಾನದಲ್ಲಿ ಕೀರ್ತನೆ ದಾಟಿ ಬರೆದೋಳಲ್ಲ."

"ಅದಕ್ಕೇ ನೋಡು, ನನ್ನ ಸೊಂಟ ಮಾತ್ರ ಮುರೀತು, ಕೈ ನೆಟ್ಟಗಿದೆ."

ಸುನ್ಯೆ ನಗಲಿಲ್ಲ. ಮಗಳ ಕಡೆ ನೋಡಿ, ಈ ಸಲ ಮೆಲ್ಲಗೆ ಕೇಳಿದಳು. "ನಂಬಿಕೆ ಇಲ್ಲದೋಳು ನೀನು. ನಿನಗೆ ಇದರಲ್ಲಿ ಹೆಸರು ಯಾಕೆ? ನಮ್ಮಮ್ಮ ಬೂದಿ ಮೇಲೆ ಕಡ್ಡೀಲಿ ಅಕ್ಷರ ತಿದ್ದಿ ಓದೋದು ಕಲಿತದ್ದು ಈ ಪುಸ್ತಕಕ್ಕೋಸ್ಕರ. ನಾನು ಎರಡು ಸಲ ಬರೆದು ಮೂರನೇದಕ್ಕೆ ಕೈ ಹಾಕಿದ್ದು ಅದಕ್ಕೋಸ್ಕರ. ನೀನು ಯಾಕೆ ಬರೆದೆ?"

ಪ್ರಾಮಾಣಿಕತೆಯ ದೊಡ್ಡ ಮಾತು ಹೇಳೋಣವೆಂದರೆ ಅದು ನಿಜವಲ್ಲ. ಅಡುಗೆಮನೆಯಲ್ಲಿ ತಳ ಹಿಡಿದ ಅನ್ನವನ್ನು ಎಷ್ಟೋ ಸಲ ಮೇಲಿನಿಂದ ಬಡಿಸಿ ಮುಚ್ಚಿಟ್ಟವಳು ಗುಮ್ಹಿ. ನಿಜ ಬೇರೆ ಇತ್ತು, ಸಣ್ಣದಿತ್ತು. ಎಂಟು ತಿಂಗಳು, ಅಡುಗೆಮನೆಯಲ್ಲಿ ಸುಟ್ಟುಕೊಂಡ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬರೆದ ಪುಟಗಳ ಮೇಲೆ ಬೇರೊಬ್ಬರ ಹೆಸರು ಬಿದ್ದರೆ ತನಗೆ ಹೊಟ್ಟೆ ಉರಿಯುತ್ತದೆ. ಅದು ಅಮ್ಮನ ಹೆಸರಾದರೂ.

"ಗೊತ್ತಿಲ್ಲ ಅಮ್ಮ. ಆದ್ರೆ ಬರೆದದ್ದು ನಾನು."

ಪುಸ್ತಕ ಮುಚ್ಚಿ ಗಂಟು ಕಟ್ಟಿಕೊಂಡು ಎದ್ದಳು. ಹೆಸರಿನ ಹಾಳೆ ಖಾಲಿಯೇ ಉಳಿಯಿತು. ಬಾಗಿಲಲ್ಲಿ ತಿರುಗಿ ನೋಡಿದರೆ ಅಮ್ಮ ಕಣ್ಣು ಮುಚ್ಚಿದ್ದಳು, ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೋ, ಶಾಪವೋ.

ಆ ಸಂಜೆಯೂ ಮರುದಿನವೂ ಗುಮ್ಹಿ ಮನಸ್ಸು ಬದಲಾಯಿಸುತ್ತಲೇ ಇದ್ದಳು. ಮೂಲಂಗಿ ಹೆಚ್ಚುವಾಗ ಅಮ್ಮನ ಮಾತೇ ಸರಿ ಅನ್ನಿಸುವುದು: ಎಂಬತ್ತಮೂರರ ಮುದುಕಿಗೆ ಉಳಿದಿರುವುದು ಆ ಒಂದು ಮಾತು, ಅದನ್ನು ಕಿತ್ತುಕೊಂಡು ಏನು ಕಟ್ಟಿಕೊಳ್ಳಬೇಕು? ಪಾತ್ರೆ ಉಜ್ಜುವಾಗ ಬರೆದದ್ದು ನಾನಲ್ಲವೇ ಅನ್ನಿಸುವುದು.

ಶುಕ್ರವಾರ ಸಂಜೆ ಮದುವೆಯ ಹುಡುಗಿ ಅಜ್ಜಿಯ ಆಶೀರ್ವಾದಕ್ಕೆ ಆಸ್ಪತ್ರೆಗೆ ಬಂದಳು. ಸೊರಾ ದಂತವೈದ್ಯರ ಬಳಿ ಸಹಾಯಕಿ. ಯಾರನ್ನು ಕಂಡರೂ ಮೊದಲು ಹಲ್ಲು ನೋಡುವ ಅಭ್ಯಾಸ. ಅಜ್ಜಿಯ ಎಡಗೈ ಹಿಡಿದು ಕೂತಳು. ಗುಮ್ಹಿ ಮೂರು ಸಂಪುಟಗಳನ್ನು ಅವಳ ಮುಂದಿಟ್ಟಳು.

"ಅಜ್ಜಿ," ಎಂದು ಸೊರಾ ಉಸಿರೆಳೆದಳು. "ಇಷ್ಟನ್ನೂ ಈ ಸ್ಥಿತಿಯಲ್ಲಿ ಬರೆದ್ರಾ?"

ಸುನ್ಯೆ ಮಗಳ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು. ಅಪ್ಪಣೆ.

ಗುಮ್ಹಿ ಎರಡನೆಯ ಸಂಪುಟ ತೆರೆದು ಪುಟ ಹುಡುಕಿದಳು. ಅವಸರಕ್ಕೆ ಎರಡೆರಡು ಹಾಳೆ ಒಟ್ಟಿಗೆ ಮಗುಚಿದವು. ಸಿಕ್ಕಿತು.

"ಇಲ್ಲೀತನಕ ನಿಮ್ಮಜ್ಜಿ. ಈ ತಲೆಬರಹಾನೂ ಅವಳದೇ. ಅದರ ಕೆಳಗಿಂದ ನಾನು."

ಸೊರಾ ಅಮ್ಮನನ್ನು, ಪುಟವನ್ನು, ಮತ್ತೆ ಅಮ್ಮನನ್ನು ನೋಡಿದಳು. "ನೀನಾ? ನೀನು ಚರ್ಚಿಗೇ ಹೋಗಲ್ವಲ್ಲ."

"ಹೋಗಲ್ಲ. ಬರೆದೆ."

ಸೊರಾ ಪುಟಕ್ಕೆ ಮೂಗು ತಾಗಿಸಿದಳು. "ಬೆಳ್ಳುಳ್ಳಿ ವಾಸನೆ."

"ಎಷ್ಟು ತೊಳೆದ್ರೂ ಹೋಗಲ್ಲ ಅದು."

ಪಕ್ಕದ ಹಾಸಿಗೆಯಿಂದ ಜೊಮ್ನೆ, "ಗಂಡನ ಮನೇಲಿ ಹಸಿವಾದಾಗ ತೆಗೆದು ಓದು ಮಗಳೇ," ಎಂದಳು. ಸೊರಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಸುನ್ಯೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಮೊಮ್ಮಗಳ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಮೂರನೆಯ ಮೊಮ್ಮಗುವಾದ ಸೊರಾಳಿಗೂ ಇಡೀ ಬೈಬಲನ್ನು ತನ್ನ ಕೈಯಾರೆ ಬರೆದು ಕೊಡುತ್ತೇನೆಂದು ಸುನ್ಯೆ ಮಾತು ಕೊಟ್ಟಿದ್ದಳು. ಆ ಮಾತು ನಡೆಯಲಿಲ್ಲ. ಪ್ರಲಾಪಗಳವರೆಗಿನದು ಅವಳ ಬರಹ, ಯೆಹೆಜ್ಕೇಲನಿಂದ ಮುಂದಿನದು ಗುಮ್ಹಿಯದು.