ಅಮೃತಾ ಬರುವ ತನಕ

ಜನರೇಟರ್ ಮತ್ತೆ ನಿಂತಿತು. ಅದರ ಬೆನ್ನಿಗೇ ಅಂಗಳದಲ್ಲಿದ್ದ ಫ್ರೀಜರ್ ಪೆಟ್ಟಿಗೆಯ ಸದ್ದೂ ನಿಂತಿತು. ಪೆಟ್ಟಿಗೆಯೊಳಗೆ ಹುಲುಗೇಶ್ ಮಲಗಿದ್ದ. ಹಿರೇಹಡಗಲಿ ಸುತ್ತ ಪಂಪು, ಜನರೇಟರ್, ಕಳೆ ಕತ್ತರಿಸುವ ಮಷೀನು ಯಾವುದರ ವೈರಿಂಗ್ ಕೆಟ್ಟರೂ ಕರೆಯುತ್ತಿದ್ದದ್ದು ಅವನನ್ನೇ. ಈಗ ಯಾರನ್ನು ಕರೆಯಬೇಕೋ ಯಾರಿಗೂ ತೋಚಲಿಲ್ಲ.

ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಬೀದರಿನಲ್ಲಿ ನರ್ಸಾಗಿದ್ದ ಮಗಳು ಅಮೃತಾ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು, ಅವಳಿನ್ನೂ ಹಗರಿಬೊಮ್ಮನಹಳ್ಳಿಗೂ ಮುಟ್ಟಿರಲಿಲ್ಲ. ಬಂದ ಜನ ಕೂತಲ್ಲಿ ಕೂರಲಾರದೆ ಎದ್ದು ಬೀದಿ ನೋಡುವುದು, ಫೋನು ನೋಡುವುದು, ಮತ್ತೆ ಕೂರುವುದು ನಡೆಸಿದ್ದರು. ಶಾಮಿಯಾನದ ಪಾಲಯ್ಯ ತನ್ನ ಜನರೇಟರಿಗೆ ಒಂದು ಒದೆಯನ್ನೂ ಕೊಟ್ಟು ನೋಡಿದ. ಅದಕ್ಕೇನು ನಾಚಿಕೆಯೇ, ಸುಮ್ಮನಿತ್ತು.

ಹುಲುಗೇಶನ ಅಣ್ಣ ಓಬಣ್ಣ, ತಮ್ಮನ ಹೆಂಡತಿ ಗಿಡ್ಡಮ್ಮನ ಹತ್ತಿರ ಬಂದು ನೆಲ ನೋಡುತ್ತ ನಿಂತ.

“ಇನ್ನ ಇಡಾಕ ಆಗಂಗಿಲ್ಲವ್ವ. ಸೆಕಿ ಭಾಳ ಐತಿ. ಎತ್ತಿಬಿಡಾನ.”

“ಆಕಿ ಅಪ್ಪನ ಮುಖ ನೋಡಬೇಕ್ರಿ ಭಾವ.”

ಅಷ್ಟು ಹೇಳಿ ಗಿಡ್ಡಮ್ಮ ಸೆರಗು ಸಿಕ್ಕಿಸಿ ಮನೆ ಹಿಂದಿದ್ದ ಜನರೇಟರಿನ ಕಡೆ ನಡೆದಳು. ದುಃಖಕ್ಕೆ ತಲೆ ಕೆಟ್ಟಿತೆಂದು ಹೆಂಗಸರು ಹಿಂದೆಯೇ ಓಡಿದರು.

*

ಹುಲುಗೇಶ್ ಎಲ್ಲಿ ರಿಪೇರಿಗೆ ಹೋದರೂ ಗಾಡಿಯ ಹಿಂದೆ ಗಿಡ್ಡಮ್ಮ ಇರುತ್ತಿದ್ದಳು. ಹೆಂಡತಿಯ ಸೆರಗು ಬಿಡದ ಗಂಡ ಎಂದು ಊರು ನಗುತ್ತಿತ್ತು. ಅಸಲು ಸಂಗತಿ ಬೇರೆ. ಅವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಮದುವೆಯಾದ ಹೊಸದರಲ್ಲಿ ತಂತಿ ಅದಲುಬದಲಾಗಿ ಒಬ್ಬರ ಮಷೀನು ಸುಟ್ಟಿತ್ತು. ಅವತ್ತು ಅವನು ಊಟ ಬಿಟ್ಟು ಕೂತಿದ್ದ.

“ಯಾರಿಗೂ ಹೇಳಬ್ಯಾಡ. ಕೆಲಸ ಕೊಡಂಗಿಲ್ಲ.”

“ನಾ ಯಾಕ ಹೇಳ್ಲಿ. ನಾನೂ ಸಂಗಾಟ ಬರ್ತೀನಿ, ನಡಿ.”

ಅಂದಿನಿಂದ ಬಣ್ಣ ನೋಡುವ ಕೆಲಸ ಅವಳದಾಯಿತು. ಮಲ್ಲಿಗೆ ಕಟ್ಟಿ ಪಳಗಿದ ಕೈ. ಕೆಂಪು ತಂತಿಗೆಲ್ಲ ಹೂವಿನ ದಾರದ ಗಂಟು ಹಾಕಿ ಕೊಡುತ್ತಿದ್ದಳು, ಅವನು ಬೆರಳಲ್ಲಿ ತಡವಿ ಕೂಡಿಸುತ್ತಿದ್ದ. ಊರಿಗೆ ಗೊತ್ತಿಲ್ಲದ ಈ ಗುಟ್ಟಿನಲ್ಲಿ ಇಬ್ಬರಿಗೂ ಒಂದು ಸುಖವಿತ್ತು.

*

ಪಾಲಯ್ಯನ ಜನರೇಟರಿನಲ್ಲೂ ಎಣ್ಣೆ ಹತ್ತಿ ಕಪ್ಪಾದ ಆ ಗಂಟು ಇತ್ತು. ಗಿಡ್ಡಮ್ಮ ಅದರ ಜಾಡು ಹಿಡಿದು ನೋಡಿದಳು. ಇಂಜಿನ್ನಿಗೆ ಡೀಸೆಲ್ ಬಿಡುವ ವಾಲ್ವಿಗೆ ಹೋದ ತಂತಿ. ಅದರ ಎರಡು ತುದಿ ಕೂಡಿಸುವ ಕಪ್ಲರ್ ಸುಟ್ಟು ಸಡಿಲಾಗಿತ್ತು. ಒಳಗಿನ ಪಿನ್ನು ಉಜ್ಜಿ, ಎರಡೂ ತುದಿ ಒತ್ತಿ ಹಿಡಿದು, ಸ್ಟಾರ್ಟ್ ಮಾಡಲು ಪಾಲಯ್ಯನಿಗೆ ಹೇಳಿದಳು. ಸೋತ ಬ್ಯಾಟರಿ ನರಳಿ ನರಳಿ, ಇನ್ನೇನು ಮುಗಿಯಿತು ಎನ್ನುವಾಗ ಇಂಜಿನ್ ಹತ್ತಿತು.

ಕೈ ಸಡಿಲಿಸಿದರೆ ಅದು ನಿಲ್ಲುತ್ತದೆ, ದಾರ ಬಿಗಿಯಲೂ ಬೆರಳು ಸರಿಸುವಂತಿಲ್ಲ. ನಿಂತರೆ ಮತ್ತೆ ಹತ್ತಿಸುವ ತ್ರಾಣ ಆ ಬ್ಯಾಟರಿಯಲ್ಲಿ ಉಳಿದಿರಲಿಲ್ಲ. ತಾನು ಹಿಡಿಯುತ್ತೇನೆಂದು ಪಾಲಯ್ಯ ಬಂದ. ಕೈ ಬದಲಿಸುವಾಗ ತಪ್ಪೀತೆಂದು ಅವಳು ಒಪ್ಪಲಿಲ್ಲ.

“ಇದೆಲ್ಲ ನಿನಗ ಹೆಂಗ ಗೊತ್ತವ್ವ?” ಎಂದ ಓಬಣ್ಣ.

“ಅವರು ಮಾಡೋದು ನೋಡಿ ಕಲ್ತೀನ್ರಿ.”

ಗಂಡನ ಗುಟ್ಟನ್ನು ಈಗಲೂ ಬಿಟ್ಟುಕೊಡಲಿಲ್ಲ. ಅಂಗಳದಲ್ಲಿ ಅವನ ತಲೆಯ ಹತ್ತಿರ ಅವಳ ಜಾಗ ಖಾಲಿಯಿತ್ತು. ಹೆಣದ ಮುಂದೆ ಕೂರದ ಇವಳೆಂಥ ಹೆಂಡತಿ ಎಂದು ಯಾರೋ ಗೊಣಗಿದರು. ಓಬಣ್ಣ ಅವರ ಬಾಯಿ ಮುಚ್ಚಿಸಿದ. ಗಿಡ್ಡಮ್ಮನಿಗೆ ಗಂಡನ ಹತ್ತಿರ ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಹೊಗೆಯಲ್ಲಿ ಕೆಮ್ಮುತ್ತ ಅಲ್ಲೇ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳದ ಅಳು ಇಂಜಿನ್ನಿನ ಸದ್ದನ್ನೂ ಮೀರಿ ಎದ್ದಿತು. ಸ್ವಲ್ಪ ಹೊತ್ತಿಗೆ ಅಮೃತಾ ಹಿತ್ತಲಿಗೆ ಬಂದು ಅವ್ವನ ಪಕ್ಕ ಕುಸಿದಳು.

“ಅಪ್ಪನ್ನ ಕಣ್ತುಂಬ ನೋಡಿದ್ಯೇನು?”

“ನೋಡ್ದೆ, ಅವ್ವ.”

ಗಿಡ್ಡಮ್ಮ ಕೈ ಬಿಡಲು ನೋಡಿದಳು, ಬೆರಳುಗಳು ಮರಗಟ್ಟಿ ಬಿಚ್ಚಲೇ ಇಲ್ಲ. ಅಮೃತಾ ಒಂದೊಂದೇ ಬೆರಳು ಬಿಡಿಸತೊಡಗಿದಳು. ಕಡೆಯ ಬೆರಳು ಬಿಟ್ಟಾಗ ಇಂಜಿನ್ ನಿಂತಿತು.